ಮಾಡಿನಡಿಯ ಈಜುಕೊಳದಲ್ಲಿ ಮಗಳ ಫೋಟೊ: ಯಾವ ಲೆನ್ಸ್, ಎಲ್ಲಿ ನಿಲ್ಲೋದು?

ಪ್ರಶ್ನೆ: ನಾವು ಶಿರಸಿಯವರು. ಮಗಳಿಗೆ ಹನ್ನೆರಡು ವರ್ಷ. ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ ಈಜುತ್ತಾಳೆ. ನನ್ನ ಹತ್ತಿರ ಹಳೆಯ ಡಿಎಸ್ಎಲ್ಆರ್ ಇದೆ, ಅದರ ಜೊತೆ ಬಂದ 18-55 ಮತ್ತು 55-250 ಎಂಎಂ ಜೂಮ್ ಲೆನ್ಸ್ ಇವೆ. ಕಳೆದ ಸಲ ಒಳಾಂಗಣ ಕೊಳದಲ್ಲಿ ತೆಗೆದ ಫೋಟೊಗಳೆಲ್ಲ ಮಸುಕು. ಹೊಸ ಲೆನ್ಸ್ ಕೊಳ್ಳಬೇಕಾ? ಎಲ್ಲಿ ನಿಂತು ತೆಗೆಯಬೇಕು?

ಉತ್ತರ: ನಿಮ್ಮ ಕ್ಯಾಮೆರಾ ಕೆಟ್ಟಿಲ್ಲ. ಬೆಳಕು ಸಾಲಲಿಲ್ಲ, ಅಷ್ಟೇ.

ನಾನು ಕಾರವಾರದವನು. ನಮ್ಮ ಕಡಲತೀರದಲ್ಲಿ ಮಧ್ಯಾಹ್ನ ಇದೇ 55-250 ಹಿಡಿದರೆ ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 200ರಲ್ಲೇ 1/1600 ಸೆಕೆಂಡ್ ಶಟರ್ ವೇಗ ಸಲೀಸಾಗಿ ಸಿಗುತ್ತದೆ. ಮಾಡಿನಡಿಗೆ ಹೋದರೆ ಬೆಳಕು ನೂರು ಪಟ್ಟು ಕಡಿಮೆ. ನಮ್ಮ ಕಣ್ಣು ಹೊಂದಿಕೊಂಡು ಬಿಡುತ್ತೆ, ಹಾಗಾಗಿ ಅಷ್ಟು ಕತ್ತಲೆ ಅನಿಸುವುದಿಲ್ಲ. ಕ್ಯಾಮೆರಾಕ್ಕೆ ಮೋಸ ಮಾಡೋಕೆ ಆಗಲ್ಲ. ರಾತ್ರಿ ಬಯಲಾಟದ ಫೋಟೊ ತೆಗೆದವರಿಗೆ ಈ ಕಷ್ಟ ಗೊತ್ತು. ಆದರೆ ಯಕ್ಷಗಾನದಲ್ಲಿ ವೇಷಧಾರಿ ಒಂದು ಕ್ಷಣ ನಿಲ್ಲುತ್ತಾನೆ, ಬಟರ್‌ಫ್ಲೈ ಈಜುವವರು ನಿಲ್ಲುವುದಿಲ್ಲ.

ನೀರಿನ ಹನಿ ಹನಿಯಾಗಿ ಕಾಣಬೇಕು, ಕೈ ಮಸುಕಾಗಬಾರದು ಅಂದರೆ 1/1000 ಸೆಕೆಂಡ್ ಬೇಕು. ತೀರಾ ಆಗದಿದ್ದರೂ 1/500ಕ್ಕಿಂತ ಕೆಳಗೆ ಇಳಿಯಬೇಡಿ. ಸಾಧಾರಣ ಬೆಳಕಿನ ಕೊಳದಲ್ಲಿ ಎಫ್ 5.6ರ (ಈ ಅಂಕಿ ಸಣ್ಣದಾದಷ್ಟೂ ಲೆನ್ಸ್ ಒಳಗೆ ಬೆಳಕು ಜಾಸ್ತಿ ಬರುತ್ತದೆ) ನಿಮ್ಮ ಜೂಮ್‌ಗೆ ಆ 1/1000 ವೇಗ ಬೇಕಾದರೆ ಐಎಸ್ಒ 12800 ಆಗುತ್ತದೆ. ಹಳೆಯ ಕ್ಯಾಮೆರಾದಲ್ಲಿ ಅದು ರವೆ ಚೆಲ್ಲಿದ ಹಾಗೆ ಕಾಣುತ್ತೆ. ಎಫ್ 2.8 ಲೆನ್ಸ್ ಇದ್ದರೆ 3200 ಸಾಕು. ಎಫ್ 1.8 ಇದ್ದರೆ 1600 ಕೂಡ ಬೇಕಾಗುವುದಿಲ್ಲ.

ಹಾಗಂತ ನಾಳೆಯೇ 70-200 ಎಫ್ 2.8 ಕೊಳ್ಳಲು ಹೋಗಬೇಡಿ. ಅದು ಈ ಕೆಲಸಕ್ಕೆ ಹೇಳಿ ಮಾಡಿಸಿದ ಲೆನ್ಸ್, ನಿಜ. ಆದರೆ ವರ್ಷಕ್ಕೆ ನಾಲ್ಕು ಸ್ಪರ್ಧೆಗೆ ಅಷ್ಟು ದುಡ್ಡು ಯಾಕೆ? ಮದುವೆ ಫೋಟೊ ತೆಗೆಯುವ ಸ್ಟುಡಿಯೋದವರ ಹತ್ತಿರ ಅದು ಇದ್ದೇ ಇರುತ್ತದೆ. ಮುಹೂರ್ತ ಇಲ್ಲದ ದಿನ ನೋಡಿ ಬಾಡಿಗೆಗೆ ಕೇಳಿ. ಕೊಳ್ಳಲೇಬೇಕು ಅಂದರೆ ನನ್ನ ಮತ 85 ಎಂಎಂ ಎಫ್ 1.8ಕ್ಕೆ. ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ. ಜೂಮ್ ಆಗುವುದಿಲ್ಲ ಅಂತ ಹೆದರಬೇಡಿ, ಸುಮ್ನೆ ಒಂದು ಲೆಕ್ಕ ಹಾಕಿ. ಸ್ಪರ್ಧೆಯ ಕೊಳದಲ್ಲಿ ಒಂದು ಲೇನ್ ಎರಡೂವರೆ ಮೀಟರ್ ಅಗಲ. ಪಕ್ಕದ ದಂಡೆಯಲ್ಲಿ ನಿಂತರೆ ನಾಲ್ಕನೇ ಲೇನ್ ಹತ್ತು ಹನ್ನೆರಡು ಮೀಟರ್ ದೂರ. ನಿಮ್ಮಂಥ ಚಿಕ್ಕ ಸೆನ್ಸರ್‌ನ ಕ್ಯಾಮೆರಾದಲ್ಲಿ 85 ಎಂಎಂ ಆ ದೂರದಲ್ಲಿ ಸುಮಾರು ಮೂರು ಮೀಟರ್ ಅಗಲವನ್ನು ಹಿಡಿಯುತ್ತದೆ. ಕೈ ಚಾಚಿದ ಹನ್ನೆರಡರ ಹುಡುಗಿಗೆ ಅಷ್ಟು ಜಾಗ ಸರಿಯಾಗಿ ಹೊಂದುತ್ತದೆ. ಅಂಗಡಿಯವರು ಪೋಲರೈಸರ್ ಫಿಲ್ಟರ್ ಹಚ್ಚಲು ನೋಡಿದರೆ ಬೇಡ ಅನ್ನಿ. ನೀರಿನ ಹೊಳಪು ಕಡಿಮೆಯಾಗುತ್ತೆ ಅನ್ನುವುದು ಹೌದು, ಜೊತೆಗೆ ಇದ್ದ ಬೆಳಕಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ನುಂಗುತ್ತದೆ.

ಈಗ ಜಾಗ. ಲೆನ್ಸ್‌ಗಿಂತ ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಿ.

ನಿಮ್ಮ ಮಗಳ ಎರಡೂ ಈಜಿನಲ್ಲಿ ಮುಖ ಎದುರಿಗೇ ಮೇಲೇಳುತ್ತದೆ. ಹಾಗಾಗಿ ಅವಳು ಯಾವ ಕಡೆಗೆ ಈಜಿ ಬರುತ್ತಾಳೋ ಆ ತುದಿಯಲ್ಲಿ ನೀವಿರಬೇಕು. ಹೊರಡುವ ತುದಿಯಲ್ಲಿ ಟೈಮ್ ನೋಡುವವರು, ಕೋಚ್‌ಗಳು, ಮುಂದಿನ ಹೀಟ್‌ನ, ಅಂದರೆ ಮುಂದಿನ ಸರದಿಯ, ಮಕ್ಕಳು ಎಲ್ಲ ತುಂಬಿರುತ್ತಾರೆ. ತಿರುಗುವ ತುದಿಯಲ್ಲಿ ಗದ್ದಲ ಕಡಿಮೆ. ಅಲ್ಲಿರುವ ಟರ್ನ್ ಜಡ್ಜ್‌ಗಳಿಗೆ ಅಡ್ಡ ಬರದಂತೆ ಮೂಲೆಯಲ್ಲಿ ಕೂತುಕೊಳ್ಳಿ. ಹೌದು, ಕೂತೇ ತೆಗೆಯಿರಿ. ನಿಂತು ತೆಗೆದರೆ ಬರೀ ಟೋಪಿ ಕಾಣುತ್ತೆ. ಮೊಣಕಾಲೂರಿ ಕ್ಯಾಮೆರಾವನ್ನು ನೀರಿನ ಹತ್ತಿರಕ್ಕೆ ಇಳಿಸಿದರೆ ಮುಖ, ಕನ್ನಡಕ, ಗಲ್ಲದಿಂದ ಜಾರುವ ನೀರು ಎಲ್ಲವೂ ಸಿಗುತ್ತದೆ. ಪ್ಯಾಂಟ್ ಒದ್ದೆಯಾಗುತ್ತೆ, ಆಗಲಿ.

25 ಮೀಟರ್ ಕೊಳದ 100 ಮೀಟರ್ ಸ್ಪರ್ಧೆಯಲ್ಲಿ ಅವಳು ಎರಡು ಸಲ ಆ ತುದಿಗೆ ಬರುತ್ತಾಳೆ. ಮೊದಲನೇ ಸಲ ಬರೀ ನೋಡಿ, ಲಯ ಹಿಡಿಯಿರಿ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಪ್ರತಿ ಸ್ಟ್ರೋಕ್‌ಗೂ ತಲೆ ಮೇಲೆ ಬರುತ್ತದೆ. ಬಟರ್‌ಫ್ಲೈಯಲ್ಲಿ ಎಷ್ಟೋ ಜನ ಒಂದು ಬಿಟ್ಟು ಒಂದು ಸ್ಟ್ರೋಕ್‌ಗೆ ಉಸಿರು ತೆಗೆದುಕೊಳ್ಳುತ್ತಾರೆ. ಮಗಳನ್ನೇ ಕೇಳಿ, ಹೇಳುತ್ತಾಳೆ. ತಲೆ ಕಂಡ ಮೇಲೆ ಗುಂಡಿ ಒತ್ತಿದರೆ ತಡವಾಯಿತು. ಏಳುವ ಮುಂಚೆ ನೀರು ಸ್ವಲ್ಪ ಉಬ್ಬುತ್ತದೆ ನೋಡಿ, ಆಗಲೇ ಒತ್ತಬೇಕು. ಫೋಕಸ್ ಸತತವಾಗಿ ಹಿಂಬಾಲಿಸುವ ಮೋಡ್‌ನಲ್ಲಿರಲಿ, ಒಂದೇ ಬಿಂದು ಆರಿಸಿಕೊಳ್ಳಿ. ಎಲ್ಲ ಬಿಂದುಗಳನ್ನೂ ಬಿಟ್ಟರೆ ಕ್ಯಾಮೆರಾ ನೀರಿನ ಎರಚಲನ್ನೋ ಲೇನ್ ಹಗ್ಗವನ್ನೋ ಹಿಡಿದುಕೊಂಡು ಕೂರುತ್ತೆ.

ಕೊನೆಯ ಲೆಂತ್‌ಗೆ ಹೊರಡುವ ತುದಿಯ ಮೂಲೆಗೆ ನಡೆದು ಹೋಗಿ. ಓಡಬೇಡಿ, ಟೈಲ್ಸ್ ಜಾರುತ್ತೆ. ಗೋಡೆ ಮುಟ್ಟಿದ ಕೂಡಲೇ ಕ್ಯಾಮೆರಾ ಇಳಿಸಬೇಡಿ. ಕನ್ನಡಕ ಮೇಲೆತ್ತಿ ಟೈಮ್ ಹುಡುಕುವುದು, ಪಕ್ಕದ ಲೇನ್‌ನವಳ ಕೈ ಕುಲುಕುವುದು ಎಲ್ಲ ಆಮೇಲೆಯೇ ನಡೆಯೋದು. ನನ್ನ ಲೆಕ್ಕದಲ್ಲಿ ಇಡೀ ದಿನದ ಒಳ್ಳೆಯ ಫೋಟೊಗಳು ಇವೇ. ಇವಕ್ಕೆ 1/250 ಸೆಕೆಂಡ್ ಸಾಕು, ಅಂದರೆ ನಿಮ್ಮ ಹಳೆಯ ಜೂಮ್ ಕೂಡ ಐಎಸ್ಒ 3200ರಲ್ಲಿ ಕೆಲಸ ಮಾಡುತ್ತದೆ. ಈ ಸಲಕ್ಕೆ ಏನೂ ಕೊಳ್ಳದೆ ಹೋದರೂ ಇಷ್ಟು ಸಿಕ್ಕೇ ಸಿಗುತ್ತೆ.

ಫ್ರೀಸ್ಟೈಲ್ ಇದ್ದರೆ ಪಕ್ಕದ ದಂಡೆಗೆ ಬನ್ನಿ. ಬಲಕ್ಕೆ ಉಸಿರೆಳೆಯುವವರ ಮುಖ ಹೋಗುವಾಗ ಒಂದನೇ ಲೇನ್ (ಹೊರಡುವ ತುದಿಯಿಂದ ನೋಡಿದರೆ ಬಲಗಡೆಯದು) ಕಡೆಗೆ, ಬರುವಾಗ ಆಚೆ ಕಡೆಗೆ ತಿರುಗಿರುತ್ತದೆ. ಬ್ಯಾಕ್‌ಸ್ಟ್ರೋಕ್‌ಗೆ ಎತ್ತರದ ಗ್ಯಾಲರಿಯೇ ವಾಸಿ. ಒಂದು ಕಡೆ ದೊಡ್ಡ ಗಾಜಿನ ಕಿಟಕಿಗಳಿದ್ದರೆ ಅವು ನಿಮ್ಮ ಬೆನ್ನಿಗಿರಲಿ. ಇಲ್ಲದಿದ್ದರೆ ನೀರೆಲ್ಲ ಬೆಳ್ಳಗೆ, ಮಗು ಕಪ್ಪು.

ಕೊಳದ ದಂಡೆಗೆ ಪಾಲಕರನ್ನು ಬಿಡದ ಕಡೆಯೇ ಜಾಸ್ತಿ. ಮೊದಲೇ ಕೋಚ್ ಮೂಲಕ ಸಂಘಟಕರನ್ನು ಕೇಳಿ. ಆಗಲ್ಲ ಅಂದರೆ ವಾದ ಬೇಡ. ಗ್ಯಾಲರಿಯ ಮುಂದಿನ ಸಾಲಿನಲ್ಲಿ, ಮುಗಿಯುವ ತುದಿಗೆ ಹತ್ತಿರ ಜಾಗ ಹಿಡಿಯಿರಿ. ಬಾಡಿಗೆಯ 70-200 ಬೇಕಾಗುವುದು ಆಗಲೇ. ಬೇರೆಯವರ ಮಕ್ಕಳ ಫೋಟೊ ಅವರ ಮನೆಯವರನ್ನು ಕೇಳದೆ ಎಲ್ಲೂ ಹಾಕಬೇಡಿ.

ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಸ್ಟಾರ್ಟ್ ಕೊಡುವ ಯಂತ್ರದಲ್ಲಿ ಸದ್ದಿನ ಜೊತೆ ಒಂದು ಬೆಳಕೂ ಮಿನುಗುತ್ತದೆ, ಕಿವಿ ಕೇಳದ ಈಜುಗಾರರು ನೋಡುವುದು ಅದನ್ನೇ. ಆ ಹೊತ್ತಿಗೆ ನಿಮ್ಮ ಫ್ಲ್ಯಾಶ್ ಹೊಳೆದರೆ ಯಾರೋ ಪಾಪ ಮೊದಲೇ ಹಾರಿ ಸ್ಪರ್ಧೆಯಿಂದ ಹೊರಗೆ ಬೀಳಬಹುದು. ಫೋಕಸ್‌ಗೆ ನೆರವಾಗುವ ಕೆಂಪು ದೀಪ, ಬೀಪ್ ಸದ್ದು ಎರಡನ್ನೂ ಆರಿಸಿಡಿ.

ಇನ್ನೊಂದು ಕಾಟ ಇದೆ. ನಮ್ಮ ಕರೆಂಟ್ 50 ಹರ್ಟ್ಸ್‌ನದು, ಹಾಗಾಗಿ ಕೆಲವು ಬಗೆಯ ದೀಪಗಳು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತವೆ. ಒಂದು ಫೋಟೊ ಚೆನ್ನಾಗಿದೆ, ಮುಂದಿನದು ಹಳದಿ, ಅದರ ಮುಂದಿನದು ಮಂಕು. ಕ್ಯಾಮೆರಾ ಹಾಳಾಯ್ತು ಅಂದುಕೊಳ್ಳಬೇಡಿ. ಮೆನುವಿನಲ್ಲಿ ಫ್ಲಿಕರ್ ರಿಡಕ್ಷನ್ ಇದೆಯಾ ನೋಡಿ. ಇಲ್ಲದಿದ್ದರೆ ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲ್‌ನಲ್ಲಿ ತೆಗೆದು ಮನೆಯಲ್ಲಿ ಬಣ್ಣ ಸರಿ ಮಾಡಿ.

ಕೊನೆಗೆ ನನ್ನದೇ ಪೆದ್ದುತನ ಒಂದು. ಮೊದಲ ಸಲ ಹೀಗೆ ಹೋದಾಗ ಎಸಿ ರೂಮಿನಿಂದ ಕ್ಯಾಮೆರಾ ತಂದು ಸೀದಾ ಕೊಳದ ಪಕ್ಕ ತೆಗೆದೆ. ಅಲ್ಲಿಯ ಸೆಕೆಗೆ ಲೆನ್ಸ್ ಪೂರ್ತಿ ಮಂಜು. ಒರೆಸಿದಷ್ಟೂ ಬಂತು. ಮೊದಲ ನಾಲ್ಕು ಹೀಟ್ ಬರಿಗಣ್ಣಲ್ಲೇ ನೋಡಿದೆ. ಅರ್ಧ ಗಂಟೆ ಮುಂಚೆ ಹೋಗಿ, ಕ್ಯಾಮೆರಾ ಚೀಲದ ಒಳಗೇ ಬೆಚ್ಚಗಾಗಲಿ. ಮನೆಗೆ ಬಂದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನಮ್ಮ ಕಡೆಯ ಮಳೆಗಾಲಕ್ಕೆ ಲೆನ್ಸ್ ಒಳಗೆ ಬೂಸ್ಟು ಹಿಡಿಯಲು ಹೆಚ್ಚು ದಿನ ಬೇಡ. ಅಕ್ಕಿ ಡಬ್ಬಿಯಲ್ಲಿ ಹೂತಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದರ ಹುಡಿ ಲೆನ್ಸ್‌ನ ಸಂದಿಗೆ ಹೋಗುತ್ತೆ.