ಮೆರಿನೊ ಮರಿಗೆ ಕತ್ತರಿ ಬಿದ್ದದ್ದು ಯಾಕೆ

ಸಂಕ್ರಾಂತಿ ಬಂತೆಂದರೆ ಯಾದಗಿರಿ ತಾಲ್ಲೂಕಿನ ಮೈಲಾಪುರದ ದಾರಿಗಳಲ್ಲಿ ಚೆಕ್‌ಪೋಸ್ಟ್ ಏಳುತ್ತವೆ. ಮೈಲಾರಲಿಂಗನ ಪಲ್ಲಕ್ಕಿಯ ಮೇಲೆ ಜೀವಂತ ಕುರಿಮರಿ ಎಸೆಯುವ ಹರಕೆಗೆ ಜಿಲ್ಲಾಡಳಿತದ ನಿಷೇಧವಿದೆ. ಭಕ್ತರು ತಂದ ಮರಿಗಳನ್ನು ದಾರಿಯಲ್ಲೇ ವಶಕ್ಕೆ ಪಡೆಯುತ್ತಾರೆ. ಅದೇ ಚಳಿಯಲ್ಲಿ ಬೀದರ್, ಕಲಬುರಗಿಯ ಅಂಗಡಿಗಳಲ್ಲಿ ಬಿಕರಿಯಾಗುವ ಮೆರಿನೊ (ನಯವಾದ ಉಣ್ಣೆಯ ಕುರಿತಳಿ) ಸ್ವೆಟರ್, ಶಾಲುಗಳ ಹಿಂದೆಯೂ ಮರಿಗಳಿವೆ. ಅವುಗಳ ಪಾಡು ಇಲ್ಲಿ ಸುದ್ದಿಯಾಗುವುದಿಲ್ಲ.

19ನೇ ಶತಮಾನದ ಕೊನೆಯಲ್ಲಿ ಆಸ್ಟ್ರೇಲಿಯಾದವರು ಅಮೆರಿಕದಿಂದ ವರ್ಮಾಂಟ್ ಮೆರಿನೊ ಟಗರು ತರಿಸಿದರು. ಚರ್ಮದಲ್ಲಿ ಮಡಿಕೆ ಹೆಚ್ಚಿದಷ್ಟೂ ಉಣ್ಣೆ ಹೆಚ್ಚು ಎಂಬುದು ಅವರ ಲೆಕ್ಕ. ಆದರೆ ಬಾಲದ ಬುಡದ ಮಡಿಕೆಗಳಲ್ಲಿ ಉಚ್ಚೆ, ಹಿಕ್ಕೆ ಮೆತ್ತಿಕೊಂಡು ಸದಾ ಒದ್ದೆ. ಲೂಸಿಲಿಯಾ ಕುಪ್ರಿನಾ ಎಂಬ ನೊಣ ಅಲ್ಲಿ ಮೊಟ್ಟೆ ಇಡುತ್ತದೆ. ಒಂದು ದಿನದೊಳಗೆ ಹುಳ ಹೊರಬಂದು ಚರ್ಮ, ಮಾಂಸ ತಿನ್ನತೊಡಗುತ್ತವೆ. ನೋಡದೆ ಬಿಟ್ಟರೆ ಕುರಿ ನಂಜೇರಿ ಸಾಯುತ್ತದೆ.

1930ರ ಸುಮಾರಿಗೆ ದಕ್ಷಿಣ ಆಸ್ಟ್ರೇಲಿಯಾದ ಜಾನ್ ಮ್ಯೂಲ್ಸ್ ಆ ಮಡಿಕೆಯನ್ನೇ ಕತ್ತರಿಸಿ ತೆಗೆದ. ಅವನ ಹೆಸರಿನಿಂದಲೇ ಅದು ಮ್ಯೂಲ್ಸಿಂಗ್. ಕೆಲವೇ ವಾರದ ಮರಿಯನ್ನು ತೊಟ್ಟಿಲಿನಂಥ ಚೌಕಟ್ಟಿನಲ್ಲಿ ಅಂಗಾತ ಮಲಗಿಸಿ, ಕಾಲು ಸಿಕ್ಕಿಸಿ, ಬಾಲದ ಎರಡೂ ಬದಿಯ ಚರ್ಮವನ್ನು ಅರ್ಧಚಂದ್ರಾಕಾರಕ್ಕೆ ಕತ್ತರಿಸುತ್ತಾರೆ. ಗಾಯ ಮಾಯಲು ಮೂರ್ನಾಲ್ಕು ವಾರ ಬೇಕು. ಮಾಯ್ದ ಜಾಗದಲ್ಲಿ ಉಣ್ಣೆ ಬರುವುದಿಲ್ಲ, ಚರ್ಮ ಬಿಗಿಯುತ್ತದೆ, ಕೊಳೆ ಮೆತ್ತುವುದಿಲ್ಲ. ದಶಕಗಟ್ಟಲೆ ಇದೆಲ್ಲ ನೋವಿನ ಮದ್ದಿಲ್ಲದೆ ನಡೆಯಿತು. ಆಮೇಲೆ ಬಂದ ಮರಗಟ್ಟಿಸುವ ಮದ್ದನ್ನೂ ಸಿಂಪಡಿಸುವುದು ಕತ್ತರಿ ಆಡಿದ ನಂತರ. ಕತ್ತರಿಸುವಾಗಿನ ನೋವು ಹಾಗೇ ಉಳಿಯಿತು.

2004ರಲ್ಲಿ ಆಸ್ಟ್ರೇಲಿಯಾದ ಉಣ್ಣೆ ಬಹಿಷ್ಕರಿಸುವ ಚಳವಳಿ ಶುರುವಾದಾಗ 2010ರ ಕೊನೆಗೆ ಮ್ಯೂಲ್ಸಿಂಗ್ ನಿಲ್ಲಿಸುತ್ತೇವೆಂದು ಅಲ್ಲಿನ ಉಣ್ಣೆ ಉದ್ಯಮ ಮಾತು ಕೊಟ್ಟಿತು. 2009ರಲ್ಲೇ ಮಾತಿಗೆ ತಪ್ಪಿತು. ನ್ಯೂಜಿಲೆಂಡ್ 2018ರ ಅಕ್ಟೋಬರ್‌ನಿಂದ ನಿಷೇಧಿಸಿದೆ.

ತುಪ್ಪಳಿನ (ಫರ್) ವ್ಯಾಪಾರ ಇಷ್ಟು ಬಿಗಿಯಾಗಿ ಬೇರುಬಿಟ್ಟಿರಲಿಲ್ಲ. ಬ್ರಿಟನ್ 2000ದಲ್ಲೇ ತುಪ್ಪಳಿಗಾಗಿ ಪ್ರಾಣಿ ಸಾಕುವುದರ ವಿರುದ್ಧ ಕಾನೂನು ಮಾಡಿತು. ಭಾರತ 2017ರಲ್ಲಿ ಮಿಂಕ್, ನರಿ, ಚಿಂಚಿಲ್ಲಾ ತುಪ್ಪಳಿನ ಆಮದು ತಡೆಯಿತು. ಅದು ಶೋಕಿಯ ಮಾಲು. ಕುರಿ ಸಾಕುವವನ ವಾದವನ್ನು ಹಾಗೆ ತಳ್ಳಿಹಾಕಲಾಗದು: ಮಡಿಕೆಯ ಕುರಿಯನ್ನು ಕತ್ತರಿಸದೆ ಬಿಟ್ಟರೆ ಹುಳ ಬಿಡುವುದಿಲ್ಲ. ಹಾಗಾಗಿ ಮಡಿಕೆಯಿಲ್ಲದ ಟಗರು ಆರಿಸಿ ತಳಿಯನ್ನೇ ಬದಲಿಸಬೇಕು. ಅದಕ್ಕೆ ವರ್ಷಗಳು ಹಿಡಿಯುತ್ತವೆ, ಕತ್ತರಿಗೆ ನಿಮಿಷ ಸಾಕು.

ನಮ್ಮ ದಖ್ಖನಿ ಕುರಿಗೆ ಈ ಮಡಿಕೆಯ ಕಾಟವಿಲ್ಲ. ವರ್ಷಕ್ಕೆರಡು ಸಲ ಕೈಕತ್ತರಿಯಿಂದ ಉಣ್ಣೆ ಕತ್ತರಿಸುತ್ತಾರೆ. ಅದು ಒರಟು, ಕಂಬಳಿಗಷ್ಟೇ ಸರಿ. ಇಲ್ಲೂ ಅವಸರಪಟ್ಟರೆ ಕಂಕುಳು, ಕೆಚ್ಚಲಿನ ಹತ್ತಿರ ಕತ್ತರಿ ತುದಿ ತಾಗಿ ಚರ್ಮ ಹರಿಯುತ್ತದೆ. ಮಳೆಗಾಲದಲ್ಲಿ ಆ ಗಾಯಕ್ಕೂ ಹುಳ ಬೀಳುತ್ತವೆ, ಟರ್ಪೆಂಟೈನ್ ಎಣ್ಣೆಯ ಬತ್ತಿ ಇಟ್ಟು ತೆಗೆಯಬೇಕಾಗುತ್ತದೆ.

ಮೆರಿನೊ ಕೊಳ್ಳುವವರು ‘ಪ್ಯೂರ್ ವುಲ್’ ಎಂಬ ಚೀಟಿ ನೋಡಿ ಸಮಾಧಾನಪಡಬೇಕಿಲ್ಲ. ಅದು ನಾರಿನ ಬಗ್ಗೆ ಹೇಳುತ್ತದೆ, ಕುರಿಯ ಬಗ್ಗೆ ಅಲ್ಲ. ಆಸ್ಟ್ರೇಲಿಯಾದಲ್ಲಿ ಉಣ್ಣೆ ಹರಾಜಾಗುವಾಗ ಮ್ಯೂಲ್ಸಿಂಗ್ ಆಗಿದೆಯೋ ಇಲ್ಲವೋ ಎಂದು ಸಾಕಿದವರು ಘೋಷಿಸುವ ಪದ್ಧತಿಯಿದೆ, ಆ ಮಾಹಿತಿ ಲೂಧಿಯಾನದ ಹೊಲಿಗೆ ದಾಟಿ ಅಂಗಡಿಯವರೆಗೆ ಬರುವುದು ಅಪರೂಪ. ‘ರೆಸ್ಪಾನ್ಸಿಬಲ್ ವುಲ್ ಸ್ಟ್ಯಾಂಡರ್ಡ್’ ಎಂಬ ಪ್ರಮಾಣೀಕರಣದ ಗುರುತು ಇದ್ದರೆ ಮ್ಯೂಲ್ಸಿಂಗ್‌ಗೆ ಅದರಲ್ಲಿ ಅವಕಾಶವಿಲ್ಲ.