ಫಿಲ್ಟರ್‌ಗಿಂತ ಮೊದಲು ನಿಮ್ಮ ಮೂಗಿದೆ

ಮಳೆಗಾಲ ಹಿಡಿಯಿತು ಅಂದರೆ ನನಗೆ ಒಂದೇ ಥರದ ಫೋನು. "ಕಿಟಕಿ ತೆಗೆಯೋಕಾಗಲ್ಲ, ಶೆಡ್ ತುಂಬಾ ದೂಳು. ಮೇಲೆ ನೇತುಹಾಕೋ ಗಾಳಿ ಫಿಲ್ಟರ್ ಒಂದು ಕೊಡಿಸಿ." ಹಾಸನದ ಸುತ್ತಮುತ್ತ ಮರಗೆಲಸದ ಮೆಷಿನ್ ಕೂರಿಸಿ, ದೂಳು ಎಳೆಯುವ ಪೈಪ್ ಹಾಕಿಕೊಡುವುದು ನನ್ನ ಕೆಲಸ. ಫಿಲ್ಟರ್ ಮಾರಿದರೆ ನನಗೂ ನಾಲ್ಕು ಕಾಸು ಸಿಗುತ್ತದೆ. ಆದರೂ ಮೊದಲು ಕೇಳುತ್ತೇನೆ, ಮರ ಉಜ್ಜಿ ನುಣುಪು ಮಾಡುವ ಮೆಷಿನ್, ಅಂದರೆ ಸ್ಯಾಂಡರ್‌ಗೆ ವ್ಯಾಕ್ಯೂಮ್ ಪೈಪ್ ಸಿಕ್ಕಿಸಿದ್ದೀರಾ? ಹತ್ತರಲ್ಲಿ ಎಂಟು ಜನ ಇಲ್ಲ ಅನ್ನುತ್ತಾರೆ.

ಸ್ವಲ್ಪ ಯೋಚನೆ ಮಾಡಿ. ದೂಳು ಹುಟ್ಟುವುದು ನಿಮ್ಮ ಕೈ ಕೆಳಗೆ. ಫಿಲ್ಟರ್ ಇರುವುದು ತಲೆ ಮೇಲೆ. ನಡುವೆ ಇರುವುದು ನಿಮ್ಮ ಮುಖ. ಆ ಪೆಟ್ಟಿಗೆ ಜೋರಾಗಿ ಎಳೆದಷ್ಟೂ ದೂಳು ನಿಮ್ಮ ಮೂಗಿನ ಮುಂದೆಯೇ ಹಾದು ಮೇಲೆ ಹೋಗುತ್ತದೆ. ನೀವು ಉಸಿರಾಡಿ ಬಿಟ್ಟದ್ದನ್ನು ಅದು ಸೋಸುತ್ತದೆ, ಅಷ್ಟೇ. ಹುಟ್ಟಿದ ಜಾಗದಲ್ಲೇ ದೂಳನ್ನು ಎಳೆದುಬಿಟ್ಟರೆ ಗಾಳಿಗೆ ಸೇರುವುದೇ ಕಡಿಮೆ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಸಕಲೇಶಪುರದ ಕಡೆ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ಹಳೆ ಕೊಟ್ಟಿಗೆಯಲ್ಲಿ ತೋಟದ ಸಿಲ್ವರ್ ಓಕ್ ಹಲಗೆ ಇಟ್ಟುಕೊಂಡು ಮೊಮ್ಮಕ್ಕಳಿಗೆ ಮಣೆ, ತೊಟ್ಟಿಲು ಮಾಡುತ್ತಾರೆ. ತುಂಬಾ ಅಚ್ಚುಕಟ್ಟಿನ ಮನುಷ್ಯ. "ನೋಡಪ್ಪ, ದಿನಾ ಎರಡು ಸಲ ಗುಡಿಸ್ತೀನಿ. ನೆಲದಲ್ಲಿ ಊಟ ಮಾಡಬಹುದು" ಅಂದರು. ನೆಲ ನಿಜಕ್ಕೂ ಹಾಗೇ ಇತ್ತು. ಸ್ಯಾಂಡರ್ ನಿಲ್ಲಿಸಿ ಒಳಗೆ ಹೋಗಿ ಕಾಫಿ ಕುಡಿದೆವು. ಅರ್ಧ ಗಂಟೆ ಬಿಟ್ಟು ಬಂದಾಗ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಗಾಜಿನ ಹೆಂಚಿನಿಂದ ಒಂದು ಕೋಲು ಬೆಳಕು ನೆಲದವರೆಗೆ ಇಳಿದಿತ್ತು. ಆ ಕೋಲಿನ ತುಂಬಾ ದೂಳು ಮೆಲ್ಲಗೆ ತೇಲುತ್ತಿತ್ತು, ಮೇಲೆ ಕೆಳಗೆ. ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು, "ಇಷ್ಟು ವರ್ಷ ಇದನ್ನೇ ಎಳ್ಕೊಂಡೆನಾ?"

ನೆಲಕ್ಕೆ ಬೀಳುವ ಹೊಟ್ಟು, ಹತ್ತರಿ ಹೊಡೆದ ಚಕ್ಕೆ, ಇವುಗಳಿಂದ ಅಷ್ಟು ತೊಂದರೆಯಿಲ್ಲ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ಕೂದಲು ಸುಮಾರು 70 ಮೈಕ್ರಾನ್ ದಪ್ಪ. ಶ್ವಾಸಕೋಶಕ್ಕೆ ಇಳಿಯುವುದು 10 ಮೈಕ್ರಾನ್‌ಗಿಂತ ಸಣ್ಣದು. 2.5 ಮೈಕ್ರಾನ್ ದೂಳು ಗಾಳಿಯಾಡದ ಕೋಣೆಯಲ್ಲೂ ನೆಲ ಮುಟ್ಟಲು ಗಂಟೆಗಟ್ಟಲೆ ಬೇಕು. ಪೊರಕೆ ಹಾಕಿದರೆ ಕೂತದ್ದೂ ಎದ್ದು ಬರುತ್ತದೆ. ಮೆಷಿನ್ ನಿಂತ ಕೂಡಲೇ ಮಾಸ್ಕ್ ತೆಗೆಯುತ್ತಾರಲ್ವಾ, ಅದು ಬೇಡ.

ಹೆದರಿಸಲು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮುಖ್ಯವಾಗಿ ಮೂಗು, ಸೈನಸ್‌ನ ಕ್ಯಾನ್ಸರ್. ಅದು ವರ್ಷಗಟ್ಟಲೆ ದೂಳಿನಲ್ಲೇ ದುಡಿದವರ ಮಾತು, ಭಾನುವಾರ ಒಂದು ಸ್ಟೂಲ್ ಮಾಡುವವರದ್ದಲ್ಲ. ಆದರೆ ಬೀಟೆ, ತೇಗದ ದೂಳಿಗೆ ಕೆಲವರ ಮೈ ಬೇಗನೆ ತುರಿಸುತ್ತದೆ. ಕೆಮ್ಮು ಬಿಡದಿದ್ದರೆ ಡಾಕ್ಟರನ್ನೇ ಕೇಳಿ, ನನ್ನನ್ನಲ್ಲ.

ದೊಡ್ಡ ಡಸ್ಟ್ ಕಲೆಕ್ಟರ್, ಅಂದರೆ ಮೆಷಿನ್ನಿನ ದೂಳನ್ನು ಪೈಪಿನಲ್ಲಿ ಎಳೆದು ಚೀಲಕ್ಕೆ ತುಂಬುವ ಯಂತ್ರ, ಇರುವವರಿಗೂ ಒಂದು ಮಾತು. ಅದರ ಬಟ್ಟೆ ಚೀಲ ಮುಟ್ಟಿ ನೋಡಿ. ಹಳೆ ಥರದ 30 ಮೈಕ್ರಾನ್ ಚೀಲವಾದರೆ ಹೊಟ್ಟನ್ನು ಹಿಡಿದು, ಸಣ್ಣ ದೂಳನ್ನು ನಿಮ್ಮ ಮುಖಕ್ಕೇ ಊದುತ್ತಿರುತ್ತದೆ. 1 ಮೈಕ್ರಾನ್‌ನದಕ್ಕೆ ಬದಲಿಸಿ. 4 ಇಂಚಿನ ಬಾಯಿಗೆ 2 ಇಂಚಿನ ಪೈಪ್ ಸಿಕ್ಕಿಸಬೇಡಿ, ಎಳೆತ ಸತ್ತುಹೋಗುತ್ತದೆ.

ಇಷ್ಟೆಲ್ಲ ಆದಮೇಲೆ ಫಿಲ್ಟರ್ ಹಾಕಿ, ಬೇಡ ಅನ್ನಲ್ಲ. 10ಕ್ಕೆ 12 ಅಡಿ ಕೋಣೆ, 8 ಅಡಿ ಎತ್ತರ ಅಂದರೆ 960 ಘನ ಅಡಿ ಗಾಳಿ. ಗಂಟೆಗೆ ಆರರಿಂದ ಎಂಟು ಸಲ ಅಷ್ಟೂ ಗಾಳಿ ಸೋಸಬೇಕಾದರೆ ನಿಮಿಷಕ್ಕೆ 100ರಿಂದ 130 ಘನ ಅಡಿ ಎಳೆಯುವುದು ಸಾಕು. ಕೆಲಸದ ಮೇಜಿನ ನೆತ್ತಿಗೆ ನೇತುಹಾಕಬೇಡಿ, ದೂರದ ಗೋಡೆಗಿರಲಿ. ಕೆಲಸ ಮುಗಿದ ಮೇಲೂ ಒಂದು ಗಂಟೆ ಓಡಲಿ.

ಆಮೇಲೆ ಆ ಫಿಲ್ಟರನ್ನು ಶೆಡ್ ಒಳಗೆ ಕುಟ್ಟಿ ಕೊಡವಬೇಡಿ. ಮಳೆ ಬಿಟ್ಟಾಗ ಅಂಗಳಕ್ಕೆ ತನ್ನಿ, ಮಾಸ್ಕ್ ಹಾಕಿ, ಗಾಳಿಗೆ ಬೆನ್ನು ಕೊಟ್ಟು ನಿಂತು ಕೊಡವಿ.