ಗಾಯದ ಲೆಕ್ಕ ಬೇರೆ, ಹೊತ್ತಿನ ಲೆಕ್ಕ ಬೇರೆ

ಹೆದ್ದಾರಿಯಲ್ಲಿ ಬೈಕ್ ಸವಾರನೊಬ್ಬ ಬಿದ್ದು ತೊಡೆಮೂಳೆ ಮುರಿದುಕೊಂಡ ಎಂದಿಟ್ಟುಕೊಳ್ಳಿ. ಆಂಬುಲೆನ್ಸ್ ಬಂತು, ಅವನನ್ನು ಕರೆದೊಯ್ಯಿತು. ಬೈಕನ್ನು ಬದಿಗೆ ಎಳೆದು ಹಾಕಿದರು. ಅರ್ಧ ಗಂಟೆಯೊಳಗೆ ರಸ್ತೆ ತೆರವಾಯಿತು. ಅದೇ ದಿನ ಇನ್ನೊಂದೆಡೆ ಟೊಮೆಟೊ ಲಾರಿ ಅಡ್ಡಡ್ಡ ಮಗುಚಿತು. ಚಾಲಕನಿಗೆ ತರಚು ಗಾಯವೂ ಇಲ್ಲ. ಆದರೆ ರಸ್ತೆ ತುಂಬ ಟೊಮೆಟೊ, ಅದರ ಮೇಲೆ ಸೋರಿದ ಡೀಸೆಲ್. ಲಾರಿ ಎತ್ತಲು ದೊಡ್ಡ ಕ್ರೇನೇ ಬರಬೇಕು. ಮೂರು ಗಂಟೆ ಹಿಡಿಯಿತು. ಇವೆರಡರಲ್ಲಿ ದೊಡ್ಡ ಅವಘಡ ಯಾವುದು? ಆಸ್ಪತ್ರೆ, ಪೊಲೀಸ್ ಠಾಣೆ, ನ್ಯಾಯಾಲಯ ಮೊದಲನೆಯದನ್ನು ತೋರಿಸುತ್ತವೆ. ಹೆದ್ದಾರಿಯ ಕಂಟ್ರೋಲ್ ರೂಮಿನಲ್ಲಿ ಕೂತವರು ಎರಡನೆಯದನ್ನು.

ಗಾಯದ ಅಳತೆಗೆ ಅಮೆರಿಕದ ಪೊಲೀಸರ ಬಳಿ ‘ಕ್ಯಾಬ್ಕೋ’ ಎಂಬ ಐದಕ್ಷರದ ಶ್ರೇಣಿಯಿದೆ: ಕೆ ಅಂದರೆ ಸಾವು, ಓ ಅಂದರೆ ಏಟೇ ಇಲ್ಲ, ನಡುವೆ ಎ, ಬಿ, ಸಿ. ನಮ್ಮಲ್ಲೂ ಅಪಘಾತ ದಾಖಲಿಸುವಾಗ ಸಾವು, ತೀವ್ರ ಗಾಯ, ಸಣ್ಣ ಗಾಯ, ಗಾಯವಿಲ್ಲ ಎಂದೇ ವಿಂಗಡಣೆ. ಯಾವುದು ತೀವ್ರ ಎಂಬುದನ್ನು ಕಾನೂನೇ ಹೇಳುತ್ತದೆ. ಮೂಳೆ ಮುರಿದರೆ ತೀವ್ರ. ನೋವಿನಿಂದ ಇಂತಿಷ್ಟು ದಿನ ದೈನಂದಿನ ಕೆಲಸ ಮಾಡಲಾಗದಿದ್ದರೂ ತೀವ್ರ. ಆ ದಿನಗಳು ಹಳೆಯ ದಂಡಸಂಹಿತೆಯಲ್ಲಿ 20 ಇದ್ದವು, ಭಾರತೀಯ ನ್ಯಾಯ ಸಂಹಿತೆಯಲ್ಲಿ 15 ಆಗಿವೆ. ಪರಿಹಾರಕ್ಕೆ, ಶಿಕ್ಷೆಗೆ ಇದು ಬೇಕೇ ಬೇಕು. ಆದರೆ ಘಟನೆ ನಡೆದ ಹತ್ತು ನಿಮಿಷಕ್ಕೆ ಯಾರನ್ನು ಕರೆಯಬೇಕು, ಯಾವ ಲೇನು ಮುಚ್ಚಬೇಕು, ವಾಹನಗಳನ್ನು ಎಲ್ಲಿಂದ ತಿರುಗಿಸಬೇಕು ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ.

ಆ ಉತ್ತರಕ್ಕೆ ಅಮೆರಿಕದ ರಸ್ತೆ ಚಿಹ್ನೆಗಳ ರಾಷ್ಟ್ರೀಯ ಕೈಪಿಡಿ ಗಡಿಯಾರವನ್ನು ಆಶ್ರಯಿಸುತ್ತದೆ. ಅದರ 2009ರ ಆವೃತ್ತಿಯ ಪ್ರಕಾರ ರಸ್ತೆಗೆ ಅರ್ಧ ಗಂಟೆಯೊಳಗಿನ ಅಡಚಣೆಯಾದರೆ ಅದು ಸಣ್ಣ ಘಟನೆ, ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಮಧ್ಯಮ, ಎರಡು ಗಂಟೆ ಮೀರಿದರೆ ದೊಡ್ಡದು. ಸ್ಥಳಕ್ಕೆ ಬಂದವರು 15 ನಿಮಿಷದೊಳಗೆ ಮೂರು ಅಂದಾಜು ಮಾಡಬೇಕು: ಘಟನೆ ಎಷ್ಟು ದೊಡ್ಡದು, ಎಷ್ಟು ಹೊತ್ತು ಹಿಡಿದೀತು, ಹಿಂದೆ ವಾಹನಗಳ ಸಾಲು ಎಲ್ಲಿಯವರೆಗೆ ಬೆಳೆದೀತು. ಗಮನಿಸಿ, ಮೂರೂ ಮುಂದಾಗುವುದರ ಊಹೆಗಳೇ. ಆಗಿಹೋದದ್ದನ್ನು ಬರೆದಿಡುವುದಕ್ಕೆ ಬೇರೆ ಫಾರಂ ಇದೆ.

ಹೊತ್ತಿಗೆ ಇಷ್ಟು ಮಹತ್ವ ಯಾಕೆ ಎಂಬುದು ಸರಳ ಗಣಿತದಲ್ಲಿ ಗೊತ್ತಾಗುತ್ತದೆ. ಒಂದು ದಿಕ್ಕಿಗೆ ಮೂರು ಲೇನುಗಳ ಹೆದ್ದಾರಿ. ಒಂದು ಲೇನು ಮುಚ್ಚಿದರೆ ಮೂರರಲ್ಲೊಂದು ಪಾಲು ಸಾಮರ್ಥ್ಯ ಹೋಯಿತು ಅಂದುಕೊಳ್ಳುತ್ತೇವೆ. ಹಾಗಲ್ಲ. ಅಮೆರಿಕದ ಹೆದ್ದಾರಿ ಸಾಮರ್ಥ್ಯ ಕೈಪಿಡಿಯ ಪ್ರಕಾರ ಉಳಿಯುವುದು ಶೇ 49 ಮಾತ್ರ. ಲೇನು ಬದಲಿಸುವವರ ನುಗ್ಗಾಟ ಒಂದು ಕಡೆ, ಇಣುಕಿ ನೋಡಲು ನಿಧಾನಿಸುವವರ ಕುತೂಹಲ ಇನ್ನೊಂದು ಕಡೆ. ಅಪಘಾತವಾದ ವಾಹನವನ್ನು ಪೂರ್ತಿ ರಸ್ತೆಯಂಚಿಗೆ ಸರಿಸಿದ ಮೇಲೂ ಶೇ 83ರಷ್ಟೇ ಸಿಗುತ್ತದೆ. ಉಳಿದ ಶೇ 17ನ್ನು ತಿನ್ನುವುದು ಹೆಚ್ಚಾಗಿ ನಮ್ಮ ಕತ್ತು ಹೊರಳಿಸುವ ಚಟವೇ.

ಈ ರಸ್ತೆಯ ಪೂರ್ಣ ಸಾಮರ್ಥ್ಯ ಗಂಟೆಗೆ 6,000 ವಾಹನ, ಬರುತ್ತಿರುವುದು 4,500 ಎಂದು ಹಿಡಿಯೋಣ. ಒಂದು ಲೇನು ಮುಚ್ಚಿದಾಗ ದಾಟಲು ಆಗುವುದು 2,940ಕ್ಕೆ. ಗಂಟೆಗೆ 1,560 ವಾಹನ ಹಿಂದೆ ಉಳಿಯುತ್ತವೆ. ಅರ್ಧ ಗಂಟೆಯಲ್ಲಿ ತೆರವಾದರೆ ಸಾಲಿನಲ್ಲಿ 780 ವಾಹನ. ಒಂದಕ್ಕೆ 8 ಮೀಟರಿನಂತೆ ಮೂರು ಲೇನಿನಲ್ಲಿ ಎರಡು ಕಿಲೋಮೀಟರ್. ಲೇನು ತೆರೆದ ಮೇಲೂ ಆ ಸಾಲು ಕರಗಲು ಇನ್ನರ್ಧ ಗಂಟೆ ಬೇಕು. ಎಲ್ಲರೂ ಕಳೆದುಕೊಂಡ ಹೊತ್ತನ್ನು ಕೂಡಿಸಿದರೆ ಸುಮಾರು 400 ವಾಹನ-ಗಂಟೆ. ಇದೇ ಅಡಚಣೆ ಎರಡು ಗಂಟೆ ಎಳೆದರೆ ಸಾಲು ಎಂಟು ಕಿಲೋಮೀಟರ್ ದಾಟುತ್ತದೆ, ಒಟ್ಟು ನಷ್ಟ 6,400 ವಾಹನ-ಗಂಟೆಯ ಹತ್ತಿರ. ಹೊತ್ತು ನಾಲ್ಕು ಪಟ್ಟಾಯಿತು, ನಷ್ಟ ಹದಿನಾರು ಪಟ್ಟು. ಯಾಕೆಂದರೆ ಸಾಲೂ ಬೆಳೆಯುತ್ತದೆ, ಸಾಲಿನಲ್ಲಿ ನಿಲ್ಲುವ ಹೊತ್ತೂ ಬೆಳೆಯುತ್ತದೆ. ಎರಡೂ ಒಂದನ್ನೊಂದು ಗುಣಿಸುತ್ತವೆ.

ಸಾಲಿನ ಬಾಲದ ಕಥೆ ಇನ್ನೂ ಅಪಾಯದ್ದು. ನೂರರ ವೇಗದಲ್ಲಿ ಬಂದವನಿಗೆ ತಿರುವಿನಾಚೆ ನಿಂತ ವಾಹನಗಳು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಘಟನೆ ರಸ್ತೆಯಲ್ಲಿ ಉಳಿಯುವ ಪ್ರತಿ ನಿಮಿಷಕ್ಕೂ ಇಂಥ ಎರಡನೇ ಅಪಘಾತದ ಸಂಭವ ಶೇ 2.8ರಷ್ಟು ಏರುತ್ತದೆ ಎಂಬ ಅಂಕಿ ಅಮೆರಿಕದ ಹೆದ್ದಾರಿ ಸಿಬ್ಬಂದಿಯ ತರಬೇತಿಯಲ್ಲಿ ಪದೇ ಪದೇ ಬರುತ್ತದೆ. ಆ ದಶಾಂಶದ ಮೇಲೆ ನಾನು ಬಾಜಿ ಕಟ್ಟಲಾರೆ. ದಿಕ್ಕು ಮಾತ್ರ ಸರಿಯಿದೆ. ಎಚ್ಚರಿಕೆ ಫಲಕವನ್ನು ಘಟನೆಯ ಜಾಗದಿಂದ ಅಳೆದು ಇಟ್ಟರೆ ಸಾಲದು, ಬೆಳೆಯುತ್ತಿರುವ ಬಾಲದ ಹಿಂದೆ ಇಡಬೇಕು. ಅಮೆರಿಕದಲ್ಲಿ ಇದಕ್ಕೆಂದೇ ಹೊಳೆಯುವ ಗುಲಾಬಿ ಬಣ್ಣದ ಫಲಕಗಳಿವೆ. ರಸ್ತೆ ಕಾಮಗಾರಿಯ ಕಿತ್ತಳೆ ಫಲಕವೆಂದು ಯಾರೂ ತಪ್ಪು ತಿಳಿಯಬಾರದಲ್ಲ.

ಸಣ್ಣ ಘಟನೆಗೆ ಒಂದು ಪೊಲೀಸ್ ಗಾಡಿ, ಒಂದು ಟೋಯಿಂಗ್ ಗಾಡಿ ಸಾಕು. ಮಧ್ಯಮದ್ದಕ್ಕೆ ವಾಹನಗಳನ್ನು ದಾಟಿಸುವವರು ಬೇಕು. ದೊಡ್ಡದಕ್ಕೆ ಬದಲಿ ಮಾರ್ಗ, ಭಾರೀ ಕ್ರೇನ್, ಕೆಲವೊಮ್ಮೆ ರಾಸಾಯನಿಕ ತಜ್ಞರು. ಭಾರೀ ಕ್ರೇನ್ ಹೊರಟು ಬರಲಿಕ್ಕೇ ಒಂದು ಗಂಟೆ ಹಿಡಿಯಬಹುದು. ಹಾಗಾಗಿ ‘ನೋಡೋಣ, ಆಮೇಲೆ ಕರೆಯೋಣ’ ಎನ್ನುವುದು ಅತಿ ದುಬಾರಿ ತೀರ್ಮಾನ. ಫ್ಲೋರಿಡಾ ರಾಜ್ಯ ಇದಕ್ಕೆ ದುಡ್ಡಿನ ಮದ್ದು ಹುಡುಕಿತು: ಕೆಲಸ ಶುರು ಮಾಡಲು ಹೇಳಿದ 90 ನಿಮಿಷದೊಳಗೆ ರಸ್ತೆ ತೆರೆದುಕೊಟ್ಟರೆ ಗುತ್ತಿಗೆದಾರನಿಗೆ ಬೋನಸ್, 3 ಗಂಟೆ ಮೀರಿದರೆ ದಂಡ.

ಎಲ್ಲವೂ ಹೀಗೆ ಸಲೀಸಲ್ಲ. ಅಗ್ನಿಶಾಮಕ ದಳದವರು ತಮ್ಮವರ ರಕ್ಷಣೆಗೆ ಇನ್ನೊಂದು ಲೇನಿಗೂ ಅಡ್ಡ ಗಾಡಿ ನಿಲ್ಲಿಸುತ್ತಾರೆ; ರಸ್ತೆ ಇಲಾಖೆ ಲೇನು ಬಿಡಿ ಎನ್ನುತ್ತದೆ. ಸಾವು ಸಂಭವಿಸಿದ್ದರೆ ಪೊಲೀಸರು ಅಳತೆ, ಫೋಟೊ ಮುಗಿಸದೆ ಏನನ್ನೂ ಮುಟ್ಟಗೊಡುವುದಿಲ್ಲ. ಗಾಯದ ಲೆಕ್ಕ ಹೊತ್ತಿನ ಲೆಕ್ಕದೊಳಗೆ ಕಾಲಿಡುವುದು ಇಲ್ಲೇ. ಟೇಪು ಹಿಡಿದು ಅಳೆಯುವ ಬದಲು ಡ್ರೋನ್ ಹಾರಿಸಿ ಚಿತ್ರಗಳಿಂದಲೇ ನಕ್ಷೆ ಕಟ್ಟುವ ಪದ್ಧತಿ ಬಂದ ಮೇಲೆ ಈ ತಿಕ್ಕಾಟ ಸ್ವಲ್ಪ ತಗ್ಗಿದೆ.

ಅಡಚಣೆ ಇಪ್ಪತ್ತನಾಲ್ಕು ಗಂಟೆ ದಾಟುವುದಾದರೆ ರಸ್ತೆ ಚಿಹ್ನೆಗಳ ಕೈಪಿಡಿ ಅದನ್ನು ಕಾಮಗಾರಿಯಂತೆ ನಿಭಾಯಿಸಲು ಹೇಳುತ್ತದೆ. 2023ರ ಜೂನ್ 11ರಂದು ಫಿಲಡೆಲ್ಫಿಯಾದಲ್ಲಿ ಪೆಟ್ರೋಲ್ ಟ್ಯಾಂಕರ್ ಹೊತ್ತಿ ಉರಿದು, ಚಾಲಕ ಸತ್ತು, ಮೇಲಿದ್ದ ಐ-95 ಹೆದ್ದಾರಿಯ ಸೇತುವೆ ಕುಸಿದಾಗ ಆದದ್ದು ಅದೇ. ಹಳೆಯ ಗಾಜನ್ನು ಮರುಬಳಸಿ ತಯಾರಿಸಿದ ಹಗುರ ಜಲ್ಲಿ ತುಂಬಿ ತಾತ್ಕಾಲಿಕ ಲೇನುಗಳನ್ನು ಕಟ್ಟಿ, ಜೂನ್ 23ರಂದು ಸಂಚಾರ ಶುರು ಮಾಡಿದರು.

ಟ್ಯಾಂಕರ್ ಅಂದರೆ ನಮಗೆ ಶಿರಾಡಿ ಘಾಟಿ. ಮಂಗಳೂರಿನಿಂದ ಹೊರಟ ಅನಿಲ ಟ್ಯಾಂಕರ್ ಅಲ್ಲಿ ಉರುಳಿದರೆ, ಯಾರಿಗೂ ಏಟಾಗದಿದ್ದರೂ, ಸುತ್ತಲಿನ ಮನೆಗಳ ಒಲೆ ಆರಿಸಿ, ಇನ್ನೊಂದು ಟ್ಯಾಂಕರ್ ತರಿಸಿ, ಅನಿಲ ವರ್ಗಾಯಿಸುವವರೆಗೆ ರಸ್ತೆ ಬಂದ್. ಪೊಲೀಸ್ ದಾಖಲೆಯಲ್ಲಿ ಅದು ‘ಗಾಯವಿಲ್ಲ’ ಸಾಲಿಗೆ ಸೇರೀತು. ಗಡಿಯಾರದ ಅಳತೆಯಲ್ಲಿ ಮೊದಲ ನಿಮಿಷದಿಂದಲೇ ದೊಡ್ಡ ಘಟನೆ. ಹಾಗೆಂದು ಸುದ್ದಿ ಬೇಗ ಹೊರಟರೆ ಬೆಂಗಳೂರಿಗೆ ಹೊರಟ ಕಾರಿನವರು ಬಿ.ಸಿ. ರೋಡಿನಲ್ಲೇ ಉಜಿರೆ–ಚಾರ್ಮಾಡಿ ಕಡೆಗೆ ತಿರುಗಬಹುದು. ಗುಂಡ್ಯ ತಲುಪಿದ ಮೇಲೆ ತಿಳಿದರೆ ಬಂದ ದಾರಿಯಲ್ಲೇ ಹಿಂದಿರುಗಬೇಕು, ಇಲ್ಲವೇ ಸುಬ್ರಹ್ಮಣ್ಯದ ಮೇಲಿಂದ ಬಿಸಿಲೆಯ ಕಿರುದಾರಿ ಹಿಡಿಯಬೇಕು.